ಮನೆ ಬಾಡಿಗೆಮನೆಯಾದ ತಾರೀಕು

ನಮ್ಮೂರಲ್ಲಿ ಕೈಯನ್ನೋ ಕಾಲನ್ನೋ ಮುರಿದುಕೊಂಡವರು ನನ್ನ ಅತ್ತೆಯ ಕೈಗೆ ಸಿಗದೆ ಹೋದದ್ದು ಕಡಿಮೆ. ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಸರಕಾರಿ ಆಸ್ಪತ್ರೆಯ ನೆಲಮಹಡಿಯಲ್ಲಿ ಎಕ್ಸ್‌ರೇ ಕೋಣೆಗೆ ಅಂಟಿಕೊಂಡಂತೆ ಪ್ಲಾಸ್ಟರ್ ಹಾಕುವ ಕೋಣೆ. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯಾಗುವವರೆಗೆ ಅವಳು ಆ ಕೋಣೆ ಬಿಟ್ಟು ಬೇರೆ ಕಡೆಗೆ ವರ್ಗ ಕೇಳಿದವಳಲ್ಲ. ಡಾಕ್ಟರು ಮೂಳೆ ಕೂರಿಸಿ ಹೊರಟುಹೋಗುತ್ತಿದ್ದರು. ಆಮೇಲಿನದೆಲ್ಲ ಅತ್ತೆಯ ಪಾಲು. ಪ್ಲಾಸ್ಟರ್ ಬಟ್ಟೆಯ ಸುರುಳಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಗುಳ್ಳೆ ಏಳುವುದು ನಿಂತ ಮೇಲೆ ಹಿಂಡಿ, ಸುತ್ತಿ, ಅಂಗೈಯಿಂದ ತೀಡಿ, ಗಟ್ಟಿಯಾಗುವವರೆಗೆ ಆ ಕೈಯನ್ನೋ ಕಾಲನ್ನೋ ತನ್ನ ತೊಡೆಯ ಮೇಲಿಟ್ಟುಕೊಂಡು ಹರಟುತ್ತ ಕೂರುವುದು. ಊರಿನವರು ಅವಳನ್ನು ಪ್ಲಾಸ್ಟರಮ್ಮ ಅಂತಲೇ ಕರೆಯುತ್ತಿದ್ದರು.

ಅವಳಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ಮೂಳೆ ನೆನಪಿರುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ನಕ್ಕರೆ ನನ್ನ ಕಿವಿಯಲ್ಲಿ, "ಎಡ ಮೊಣಕೈ, ಏಣಿಯಿಂದ ಬಿದ್ದಿದ್ದ. ಬಿಚ್ಚಿದ ದಿನ ಅಳ್ತಾ ಅಳ್ತಾ ಥ್ಯಾಂಕ್ಸ್ ಹೇಳಿದ್ದ" ಅನ್ನುತ್ತಿದ್ದಳು. ಹೆಸರು ಕೇಳಿದರೆ ಗೊತ್ತಿರುತ್ತಿರಲಿಲ್ಲ.

ಅವಳದು ಒಂದು ಕಿರಿದಾದ ಮಹಡಿಮನೆ, ಒತ್ತಾಗಿ ನಿಂತ ಮನೆಗಳ ಸಾಲಿನಲ್ಲಿ. ಕೆಳಗೆ ಹಾಲ್, ಅಡುಗೆಮನೆ. ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೆ ಮಲಗುವ ಕೋಣೆ, ಬಚ್ಚಲು, ಹಿಂದುಗಡೆ ಒಂದು ಪುಟ್ಟ ಕೋಣೆ. ಆ ಪುಟ್ಟ ಕೋಣೆ ಮಾವನದು. ಮಾವ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದವನು. ಮನೆಗೆ ಬಂದ ಮೇಲೆ ಹಳೇ ರೇಡಿಯೋಗಳನ್ನು ಬಿಚ್ಚಿ ಜೋಡಿಸುವ ಹುಚ್ಚು. ಅವನು ಎದೆನೋವಿನಿಂದ ಹೋಗಿಬಿಟ್ಟ ಮೇಲೂ ಆ ಕೋಣೆಯಲ್ಲಿ ಗೋಡೆಯುದ್ದಕ್ಕೂ ರೇಡಿಯೋಗಳು ಹೊಟ್ಟೆ ತೆರೆದುಕೊಂಡು ಕೂತೇ ಇದ್ದವು. ಅತ್ತೆ ಧೂಳು ಹೊಡೆಯುತ್ತಿದ್ದಳು, ಜಾಗ ಬದಲಿಸುತ್ತಿರಲಿಲ್ಲ.

ಮಾವನಿಗೆ ಒಬ್ಬಳು ತಂಗಿ. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಪುಟ್ಟಿ ಅಂತ. ತಲೆ ಪೂರ್ತಿ ಬೆಳ್ಳಗಾದ ಮೇಲೂ ಆ ಹೆಸರು ಬಿಡಲಿಲ್ಲ. ಬೇರೆ ಊರಿನ ದೊಡ್ಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಎಂದು ಹೇಳುವ ಕೆಲಸ ಮಾಡಿದವಳು. ಮದುವೆ ಆಗಿರಲಿಲ್ಲ. ಮನೆಯಲ್ಲಿ ಮಾತಾಡಿದರೂ ನಾಲ್ಕು ಬಸ್ಸಿನ ಜನಕ್ಕೆ ಕೇಳಿಸಬೇಕು ಅನ್ನುವ ಹಾಗೆ ಮಾತಾಡುತ್ತಿದ್ದಳು. ಅಣ್ಣ ಸತ್ತ ದಿನ ಅದೇ ಗಂಟಲಿನಲ್ಲಿ, ಬಂದವರೆಲ್ಲರ ಎದುರಿಗೆ, "ಆಸ್ಪತ್ರೇಲೇ ಕೆಲಸ ಮಾಡ್ತೀರಿ ಅತ್ತಿಗೆ. ಗಂಡನಿಗೆ ಎದೆನೋವು ಅಂತ ಗೊತ್ತಾಗೋಕೆ ನಿಮಗೆ ಅಷ್ಟು ಹೊತ್ತು ಬೇಕಾಯ್ತಾ?" ಅಂದಿದ್ದಳು. ಅತ್ತೆ ಉತ್ತರ ಕೊಟ್ಟಿರಲಿಲ್ಲ. ಅವತ್ತಿನಿಂದ ಇಬ್ಬರಿಗೂ ಮಾತು ನಿಂತಿತ್ತು.

ಅತ್ತೆ ನಿವೃತ್ತಿಯಾಗಿ ವರ್ಷ ತುಂಬುವಷ್ಟರಲ್ಲಿ ಪುಟ್ಟಿ ಬಲ್ಬು ಬದಲಿಸಲು ಸ್ಟೂಲು ಹತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಸುದ್ದಿ ತಂದವನು ನನ್ನ ಚಿಕ್ಕಪ್ಪ. ನಲ್ಲಿ, ಕಮೋಡು, ಟೈಲ್ಸು ಮಾರುವ ಅಂಗಡಿ ಅವನದು. ಊರ ಸುದ್ದಿಯೆಲ್ಲ ಮೊದಲು ಅವನ ಅಂಗಡಿಗೆ ಬಂದು ಆಮೇಲೆ ಮುಂದಕ್ಕೆ ಹೋಗುತ್ತದೆ.

"ಯಾವ ಕಡೆ ಮುರಿದಿದೆ?" ಅಂತ ಅತ್ತೆ ಕೇಳಿದಳು.

"ಅದೆಲ್ಲ ನನಗೇನು ಗೊತ್ತು ಅಕ್ಕ. ಆಪರೇಷನ್ ಮಾಡಿ ರಾಡ್ ಹಾಕಿದಾರಂತೆ. ನೋಡ್ಕೊಳ್ಳೋರು ಯಾರೂ ಇಲ್ಲ ಅಂತ ಆಸ್ಪತ್ರೆಯವರು ಬೈತಿದಾರಂತೆ."

ಅತ್ತೆ ಮಾರನೇ ದಿನದ ರೈಲು ಹತ್ತಿದಳು. ತಡೆಯಲು ಹೋದ ಅಪ್ಪನಿಗೆ ಅವಳು ಹೇಳಿದ್ದು ಇಷ್ಟೇ: "ಸೊಂಟದ ಮೂಳೆ ಮುರಿದೋರನ್ನ ಮಂಚದ ಮೇಲೆ ಬಿಟ್ಟುಬಿಟ್ರೆ ಅವರು ಮತ್ತೆ ಏಳಲ್ಲ. ನಾನು ನೋಡಿದೀನಿ."

ಅಲ್ಲಿ ಪುಟ್ಟಿ ಅವಳನ್ನು ನೋಡಿ ಮುಖ ಗೋಡೆಯ ಕಡೆ ತಿರುಗಿಸಿದಳಂತೆ. ಅತ್ತೆ ಮಂಚವನ್ನು ಸುತ್ತಿ ಆ ಕಡೆಗೆ ಹೋಗಿ ನಿಂತಳು. ಪುಟ್ಟಿ ಈ ಕಡೆ ತಿರುಗಲು ನೋಡಿದಳು, ಸೊಂಟ ಬಿಡಲಿಲ್ಲ.

ಪುಟ್ಟಿಯನ್ನು ನಮ್ಮೂರಿಗೆ ಕರೆತರುವ ಹಾಗಿರಲಿಲ್ಲ. ಅತ್ತೆಯ ಮನೆಯ ಆ ಮೆಟ್ಟಿಲು ಹತ್ತಿ ಬಚ್ಚಲಿಗೆ ಹೋಗುವುದು ಅವಳಿಗೆ ಕನಸಿನ ಮಾತು. ಪುಟ್ಟಿಯ ಫ್ಲ್ಯಾಟಿಗೆ ಲಿಫ್ಟ್ ಇತ್ತು, ವ್ಯಾಯಾಮ ಮಾಡಿಸುವ ಆಸ್ಪತ್ರೆ ಎದುರು ರಸ್ತೆಯಲ್ಲೇ ಇತ್ತು. ಆದರೆ ಆ ವ್ಯಾಯಾಮಕ್ಕೂ ದಿನವೂ ಬಂದುಹೋಗುವ ಆಯಾಳಿಗೂ ಆಗುವ ಖರ್ಚು ಇಬ್ಬರ ಪಿಂಚಣಿ ಕೂಡಿಸಿದರೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಅತ್ತೆ ಒಂದು ತೀರ್ಮಾನಕ್ಕೆ ಬಂದಳು: ತಾನು ಪುಟ್ಟಿಯ ಹತ್ತಿರ ಇರುವುದು, ತನ್ನ ಮನೆ ಬಾಡಿಗೆಗೆ ಕೊಡುವುದು.

ಪುಟ್ಟಿಯ ಹತ್ತಿರ ಸದ್ಯಕ್ಕೆ ಆಯಾಳನ್ನು ಬಿಟ್ಟು, ಮನೆ ಖಾಲಿ ಮಾಡಲು ಅತ್ತೆ ನಮ್ಮೂರಿಗೆ ಬಂದಳು. ಚಿಕ್ಕಪ್ಪನ ಸಲಹೆ ಇಲ್ಲಿಂದ ಶುರುವಾಯಿತು. ಚಿಕ್ಕಪ್ಪ ಕೆಟ್ಟವನಲ್ಲ. ಅಕ್ಕನ ಮೇಲೆ ಅವನಿಗೆ ಪ್ರಾಣ. ಆದರೆ ಸರಕಾರಕ್ಕೆ ಹೋಗುವ ದುಡ್ಡು ಅಂದರೆ ತನ್ನ ಜೇಬನ್ನೇ ಯಾರೋ ಕತ್ತರಿಸಿದ ಹಾಗೆ ಸಂಕಟಪಡುತ್ತಾನೆ.

"ಬಾಡಿಗೆ ಕೈಗೇ ಇಸ್ಕೋ ಅಕ್ಕ. ಯಾರಾದ್ರೂ ಕೇಳಿದ್ರೆ ನೆಂಟರು ಬಂದು ಇದ್ದಾರೆ ಅನ್ನು. ಕರಾರು ಗಿರಾರು ಏನೂ ಬೇಡ. ಈ ಬೀದೀಲಿ ಎಲ್ಲ ಹಾಗೇ ಮಾಡ್ತಾರೆ."

ಅತ್ತೆ ಆಗ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಪೆಟ್ಟಿಗೆಗೆ ತುಂಬುತ್ತಿದ್ದೆ. ಅವಳು ಕೈ ನಿಲ್ಲಿಸದೆಯೇ ಹೇಳಿದಳು:

"ಒಂದು ವರ್ಷ ನಮ್ಮ ಕೋಣೆಗೆ ಪ್ಲಾಸ್ಟರ್ ಸುರುಳಿ ಬರಲೇ ಇಲ್ಲ. ದುಡ್ಡಿಲ್ಲ ಅಂದ್ರು ಮೇಲಿನವರು. ಒಂದು ಪುಟ್ಟ ಹುಡುಗಿ ಕಾಲಿಗೆ ನಾನು ರಟ್ಟು ಕಟ್ಟಿ ಕಳಿಸಿದ್ದೆ, ಔಷಧಿ ಡಬ್ಬಿ ಹರಿದು. ಆ ಮಗು ಈಗಲೂ ಸ್ವಲ್ಪ ಕುಂಟುತ್ತೆ. ಮಾರ್ಕೆಟ್ಟಿನಲ್ಲಿ ಸಿಗ್ತಾಳೆ, ನಮಸ್ಕಾರ ಬೇರೆ ಮಾಡ್ತಾಳೆ ನನಗೆ. ಅವಳು ನಮಸ್ಕಾರ ಮಾಡ್ದಾಗ ನನಗೆ ಏನನ್ಸುತ್ತೆ ಗೊತ್ತಾ?"

ಚಿಕ್ಕಪ್ಪ ತಾನೂ ಒಂದು ಪಾತ್ರೆ ಎತ್ತಿಕೊಂಡು ಪೇಪರು ಸುತ್ತಿದ. "ಆಯ್ತು ಬಿಡು, ಕಟ್ಟು. ಆದ್ರೆ ತಿಳಿದೋರನ್ನ ಕೇಳಿ ಕಟ್ಟು, ಇಲ್ದಿದ್ರೆ ಜಾಸ್ತಿ ಕಟ್ಟಿಬಿಡ್ತೀಯ" ಅಂದ. ಅದು ಒಳ್ಳೆಯ ಸಲಹೆಯೇ ಆಗಿತ್ತು.

ಹಾಗೆ ನಾವು ತೆರಿಗೆ ಸಲಹೆಗಾರ್ತಿಯ ಹತ್ತಿರ ಹೋದೆವು. ಸೈಕಲ್ ಅಂಗಡಿಯ ಮೇಲೆ ಅವರ ಆಫೀಸು. ಕೆಳಗೆ ಟ್ಯೂಬಿಗೆ ಗಾಳಿ ಹಾಕುವ ಸದ್ದು ಕೇಳಿಸುತ್ತಲೇ ಇರುತ್ತದೆ. ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ತುಂಬ ಹುಡುಕುತ್ತಿದ್ದರು. ನಾನು ತೋರಿಸಿದ ಮೇಲೆ ನಕ್ಕು, ಅತ್ತೆಗೆ ಕುರ್ಚಿ ಕೊಟ್ಟು, ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡರು.

"ನೋಡಿ ಅಮ್ಮ, ಇಟ್ಟಿಗೆ ಅದೇ, ಬಾಗಿಲು ಅದೇ. ಆದ್ರೆ ತೆರಿಗೆಯವರ ಕಣ್ಣಿಗೆ ನಿಮ್ಮ ಸ್ವಂತ ಮನೆ ಬೇರೆ, ಬಾಡಿಗೆಮನೆ ಬೇರೆ. ಸ್ವಂತ ಮನೆ ಆಗಿದ್ದಾಗ ನೀವು ಮಾಡಿದ ಖರ್ಚು ನಿಮ್ಮ ಸಂಸಾರದ ಖರ್ಚು, ಅದನ್ನ ಯಾರೂ ಕೇಳಲ್ಲ, ಯಾರೂ ಕೊಡಲ್ಲ. ಬಾಡಿಗೆಮನೆ ಆದ ಮೇಲೆ ಮಾಡೋ ರಿಪೇರಿ, ವಿಮೆ, ಕಟ್ಟಡದ ಸವಕಳಿ, ಇವನ್ನ ಬಾಡಿಗೆಯಿಂದ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ."

"ಸವಕಳಿ ಅಂದ್ರೆ?"

"ಗೋಡೆಗೂ ವಯಸ್ಸಾಗುತ್ತಲ್ಲ, ಆ ಲೆಕ್ಕ. ಅದಕ್ಕೆ ಮನೆ ಬಾಡಿಗೆಮನೆ ಆದ ದಿನ ಎಷ್ಟು ಬಾಳ್ತಿತ್ತು ಅಂತ ಬೆಲೆ ಕಟ್ಟಿಸಿ ಇಟ್ಕೋಬೇಕು. ಮುಂದೆ ಯಾವಾಗಾದ್ರೂ ಮಾರಿದ್ರೂ ಅದು ಬೇಕು. ಮನೆಯಾಗಿದ್ದಾಗ ಏರಿದ ಬೆಲೆ ಒಂದು ಲೆಕ್ಕ, ಬಾಡಿಗೆಗೆ ಕೊಟ್ಟ ಮೇಲೆ ಏರಿದ್ದು ಇನ್ನೊಂದು ಲೆಕ್ಕ. ಅದಕ್ಕೇ ನನಗೆ ನಿಮ್ಮಿಂದ ಮೊದಲು ಬೇಕಾಗಿರೋದು ಒಂದು ತಾರೀಕು. ಯಾವತ್ತಿನಿಂದ ಅದು ನಿಮ್ಮ ಮನೆ ಅಲ್ಲ?"

ಅವರು ದಿನಕ್ಕೆ ಹತ್ತು ಜನಕ್ಕೆ ಕೇಳುವ ಪ್ರಶ್ನೆ ಅದು. ಅತ್ತೆ ಮಾತ್ರ ಕೈಚೀಲದ ಹಿಡಿಕೆಯನ್ನು ತಿರುಚುತ್ತ ಕೂತಳು. ಕೆಳಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿ ನೋಡುತ್ತಿದ್ದರು.

"ನಾನು ಪುಟ್ಟಿ ಹತ್ರ ಹೊರಟ ದಿನವಾ?" ಅಂದಳು ಕೊನೆಗೆ.

"ಅಲ್ಲ. ನೀವು ಊರಿಗೆ ಹೋದ ಮಾತ್ರಕ್ಕೆ ಮನೆ ಬಾಡಿಗೆಮನೆ ಆಗಲ್ಲ. ಖಾಲಿ ಮಾಡಿ, ಸಿದ್ಧ ಮಾಡಿ, ಬೇರೆಯವರು ಬಂದು ಇರಬಹುದು ಅಂತ ತೋರಿಸ್ತೀರಲ್ಲ, ಆ ದಿನ."

"ಮೇಲಿನ ಒಂದು ಕೋಣೆ ಬೀಗ ಹಾಕಿ ಇಟ್ಕೋಬಹುದಾ?"

"ಧಾರಾಳವಾಗಿ. ಆದ್ರೆ ಅಷ್ಟು ಭಾಗ ಇನ್ನೂ ನಿಮ್ಮದೇ ಅಂತ ಲೆಕ್ಕ. ಖರ್ಚನ್ನೆಲ್ಲ ಜಾಗದ ಅಳತೆ ಪ್ರಕಾರ ಪಾಲು ಮಾಡ್ಬೇಕಾಗುತ್ತೆ. ಕಷ್ಟವೇನಿಲ್ಲ, ಮಾಡಿಕೊಡ್ತೀನಿ."

ಹೊರಗೆ ಬಂದ ಮೇಲೆ ಅತ್ತೆ ನನ್ನ ಸ್ಕೂಟರಿನ ಹಿಂದೆ ಕೂತಳು. ಮನೆ ಬಂದಾಗ ಇಳಿದು, "ಆ ಹೆಂಗಸು ಒಳ್ಳೆಯವಳು. ಕೇಳಬೇಕಾದ್ದನ್ನೇ ಕೇಳಿದಳು" ಅಂದಳು.

ಬಚ್ಚಲಿನ ವಿಷಯ ಬಂದದ್ದು ಆಮೇಲೆ. ಮೇಲಿನ ಬಚ್ಚಲಿನ ನೀರು ಅಡುಗೆಮನೆಯ ಮೂಲೆಗೆ ಜಿನುಗುತ್ತಿತ್ತು. ಅತ್ತೆ ಒಂದು ಬೋಗುಣಿ ಇಟ್ಟುಕೊಂಡು ಕಾಲ ಹಾಕಿದ್ದಳು. ಅದನ್ನು ಸರಿಮಾಡಿಸಬೇಕಾದರೆ ನೆಲ ಪೂರ್ತಿ ಕಿತ್ತು ಪೈಪು ಬದಲಿಸಬೇಕು. ದೊಡ್ಡ ಖರ್ಚು. ಸಲಹೆಗಾರ್ತಿ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಬಾಡಿಗೆಗೆ ಸಿದ್ಧ ಮಾಡುವ ಮೊದಲು ಮಾಡಿಸಿದರೆ ಅದು ನಿಮ್ಮದೇ ಖರ್ಚು, ಬಾಡಿಗೆಯಿಂದ ಕಳೆಯುವ ಹಾಗಿಲ್ಲ. ಬಾಡಿಗೆಗೆ ಬಂದವರು ಇರುವಾಗ ಸೋರುವುದನ್ನು ರಿಪೇರಿ ಮಾಡಿಸಿದರೆ ಕಳೆಯಬಹುದು.

ಚಿಕ್ಕಪ್ಪನಿಗೆ ಹಬ್ಬವೇ ಆಯಿತು. "ಪೈಪು ನಮ್ಮ ಅಂಗಡೀದೇ. ಈಗಲೇ ಹಾಕಿಸ್ತೀನಿ, ಬಿಲ್ಲಿನ ಮೇಲೆ ಮೂರು ತಿಂಗಳು ಮುಂದಿನ ತಾರೀಕು ಹಾಕ್ತೀನಿ. ಯಾರಪ್ಪನ ಮನೆ ಗಂಟು ಹೋಗುತ್ತೆ?"

"ನಿನ್ನ ಅಪ್ಪನ ಮಗಳದ್ದು" ಅಂದಳು ಅತ್ತೆ. "ನನ್ನ ಸೈನ್ ಬೀಳೋದು ಅದರ ಮೇಲೆ."

"ಹಾಗಾದ್ರೆ ಸುಳ್ಳು ಬೇಡ. ಹಾಗೇ ಬಿಡು, ಅವರು ಬರಲಿ, ಬಂದ ಮೇಲೆ ಮಾಡ್ಸು. ಅದು ಕಾನೂನೇ ಅಲ್ವಾ?"

ಇದಕ್ಕೆ ಅತ್ತೆ ತಕ್ಷಣ ಇಲ್ಲ ಅನ್ನಲಿಲ್ಲ. ಎರಡು ದಿನ ಯೋಚಿಸಿದಳು. ಪುಟ್ಟಿಯ ಆಯಾಳಿಗೆ ಕೊಡುವ ದುಡ್ಡು ಅವಳ ತಲೆಯಲ್ಲಿ ಓಡುತ್ತಿದ್ದದ್ದು ನನಗೆ ಗೊತ್ತಿತ್ತು. ಆ ಎರಡು ದಿನದೊಳಗೆ ಮನೆ ಕೇಳಿಕೊಂಡು ಒಬ್ಬ ಹೆಂಗಸು ಬಂದಳು. ಪೇಟೆಯ ಪಾರ್ಲರಿನಲ್ಲಿ ಕೂದಲು ಕತ್ತರಿಸುವ ಕೆಲಸ, ಜೊತೆಗೆ ಶಾಲೆಗೆ ಹೋಗುವ ಮಗಳು. ಗಂಡನಿಂದ ಬೇರೆಯಾಗಿದ್ದಳು. ಅಡುಗೆಮನೆಯ ಮೂಲೆಯ ಬೋಗುಣಿ ನೋಡಿ, "ಪರವಾಗಿಲ್ಲಮ್ಮ, ನಾವು ಇದಕ್ಕಿಂತ ಸೋರೋ ಮನೇಲಿ ಇದ್ದೀವಿ. ಒಂದು ಮಾತ್ರ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕರಾರು ಮಾಡಿಕೊಡ್ತೀರಾ? ಇಲ್ಲೀತನಕ ಯಾರೂ ಕೊಟ್ಟಿಲ್ಲ" ಅಂದಳು.

"ಕೊಡ್ತೀನಿ" ಅಂದಳು ಅತ್ತೆ. "ಆದ್ರೆ ಈಗಲ್ಲ. ಬಚ್ಚಲು ಕಿತ್ತು ಸರಿಮಾಡಿಸ್ಬೇಕು. ಅಲ್ಲೀತನಕ ಕಾಯ್ತೀಯಾ?"

ಚಿಕ್ಕಪ್ಪ ಆ ಸಂಜೆ ಬಂದು ತಲೆ ಚಚ್ಚಿಕೊಂಡ. ಅತ್ತೆ ಅಂದದ್ದು, "ಆ ಮಗು ಬಂದು ಮೂಲೇಲಿ ಬೋಗುಣಿ ನೋಡಿ, ಇದೂ ಅಂಥದೇ ಮನೆ ಅಂದ್ಕೊಳ್ಳೋದು ಬೇಡ. ಅದಕ್ಕೆ ಎಷ್ಟಾದ್ರೂ ಆಗಲಿ." ಚಿಕ್ಕಪ್ಪ ಗೊಣಗುತ್ತಲೇ ಪೈಪನ್ನು ಅಸಲು ಬೆಲೆಗೆ ಕೊಟ್ಟ. ಕೆಲಸದವರ ನೆತ್ತಿಯ ಮೇಲೆ ತಾನೇ ನಿಂತು ಮಾಡಿಸಿದ. ಬಿಲ್ಲಿನ ಮೇಲೆ ಅವತ್ತಿನ ತಾರೀಕನ್ನೇ ಹಾಕಿದ.

ಇನ್ನು ಉಳಿದದ್ದು ಮಾವನ ಕೋಣೆ. ಬೀಗ ಹಾಕುವುದು ಅಂತಲೇ ಮೊದಲು ತೀರ್ಮಾನವಾಗಿತ್ತು. ಬಡಗಿ ಕೊಂಡಿ ಹಾಕಲು ಬಂದವನು ಬಾಗಿಲ ಹೊರಗೆ ನಿಂತು ಕಾದ. ಅತ್ತೆ ಒಳಗೆ ಹೋಗಿ ರೇಡಿಯೋಗಳ ಮುಂದೆ ನಿಂತಳು. ಬಹಳ ಹೊತ್ತು ಬರಲಿಲ್ಲ. ನಾನು ಇಣುಕಿದಾಗ ಅವಳು ಒಂದು ರೇಡಿಯೋದ ಬೆನ್ನಿನ ಹಲಗೆಯನ್ನು ಮುಚ್ಚಿ ಸ್ಕ್ರೂ ಬಿಗಿಯುತ್ತಿದ್ದಳು.

"ಈ ಕೋಣೇಲಿ ಆ ಹುಡುಗಿ ಕೂತು ಓದ್ಕೋಬಹುದು. ಕಿಟಕಿ ಇದೆ, ಬೆಳಕಿದೆ. ಮನೆ ಕೊಟ್ಟು ಒಳ್ಳೆ ಕೋಣೆ ಮಾತ್ರ ನಾನು ಇಟ್ಕೊಂಡ್ರೆ ಏನು ಕೊಟ್ಟ ಹಾಗಾಯ್ತು?"

ಬಡಗಿಯನ್ನು ವಾಪಸು ಕಳಿಸಿದಳು. ರೇಡಿಯೋಗಳಲ್ಲಿ ಹೆಚ್ಚಿನವು ರಿಪೇರಿ ಅಂಗಡಿಯ ಮುದುಕರೊಬ್ಬರಿಗೆ ಹೋದವು. ಅವರು ಪ್ರತಿಯೊಂದನ್ನೂ ಕೂಸಿನ ಹಾಗೆ ಎತ್ತಿಕೊಂಡು ಹೋದರು. ಒಂದನ್ನು ಅತ್ತೆ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಮಾರನೇ ದಿನ ಬೆಲೆ ಕಟ್ಟುವವನು ಬಂದು ಗೋಡೆ ತಟ್ಟಿ, ಟೇಪು ಹಿಡಿದು, ಫೋಟೋ ತೆಗೆದುಕೊಂಡು ಹೋದ. ಅದರ ಮಾರನೇ ದಿನ ಅತ್ತೆ ಕಿಟಕಿಗೆ "ಮನೆ ಬಾಡಿಗೆಗೆ ಇದೆ" ಅನ್ನುವ ರಟ್ಟು ತೂಗುಹಾಕಿದಳು.

"ಆ ಪಾರ್ಲರಿನವಳು ಬರೋದು ಖಾತ್ರಿ ಆಗಿದೆಯಲ್ಲ ಅತ್ತೆ, ಬೋರ್ಡು ಯಾಕೆ?" ಅಂದೆ.

"ತಾರೀಕು ಬೇಕು ಅಂದ್ರಲ್ಲ ಅವರು. ಸುಮ್ಮನೆ ಬಾಯಲ್ಲಿ ಹೇಳೋಕೆ ನನಗೆ ಆಗ್ಲಿಲ್ಲ. ಕೈಯಲ್ಲಿ ಒಂದು ಕೆಲಸ ಮಾಡಿದ್ರೆ ಆಯ್ತು ಅನ್ಸುತ್ತೆ."

ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ರಟ್ಟು ನೇರವಾಗಿದೆಯೇ ಅಂತ ಬೀದಿಯ ಆ ಕಡೆಗೆ ಹೋಗಿ ನಿಂತು ನೋಡಿದಳು, ವಾಪಸು ಬಂದು ಸ್ವಲ್ಪ ಎಡಕ್ಕೆ ಎಳೆದಳು. ಆಮೇಲೆ ಸಲಹೆಗಾರ್ತಿಗೆ ಫೋನು ಮಾಡಿ ಅವತ್ತಿನ ತಾರೀಕು ಹೇಳಿದಳು.

ಪುಟ್ಟಿಯ ಮನೆಯಲ್ಲಿ ಅತ್ತೆಗೆ ಸಿಕ್ಕಿದ್ದು ಹಾಲ್‌ನಲ್ಲಿ ಒಂದು ಸೋಫಾ ಮತ್ತು ದಿನವಿಡೀ ಮಾತು. "ನನ್ನ ನೋಡ್ಕೊಳ್ಳೋಕೆ ಬಂದ್ರೋ ಅತ್ತಿಗೆ, ನನ್ನ ಮನೇಲಿ ಬಾಡಿಗೆ ಕೊಡದೆ ಇದ್ದು ನಿಮ್ಮ ಮನೆ ಬಾಡಿಗೆ ಎಣಿಸೋಕೆ ಬಂದ್ರೋ?" ಅಂದಳಂತೆ ಮೊದಲ ವಾರ. ಅತ್ತೆ ಅವಳನ್ನು ಎಬ್ಬಿಸಿ ವಾಕರ್ ಹಿಡಿಸಿ, "ಎರಡೂ. ಈಗ ಬಲಗಾಲು ಮುಂದಿಡು" ಅಂದಳು. ಪುಟ್ಟಿ ಬೈಯುತ್ತ ಹೆಜ್ಜೆ ಇಟ್ಟಳು. ಬೈಗುಳ ಮುಗಿಯುವಷ್ಟರಲ್ಲಿ ಬಾಗಿಲು ತಲುಪಿದ್ದಳು. ಅತ್ತೆಗೆ ಇದು ಒಳ್ಳೆಯ ಉಪಾಯ ಅನ್ನಿಸಿತು. ನಡೆಸಬೇಕಾದಾಗಲೆಲ್ಲ ಪುಟ್ಟಿಗೆ ಸಿಟ್ಟು ಬರುವ ಮಾತು ಒಂದನ್ನು ಎತ್ತುತ್ತಿದ್ದಳು.

ಒಂದು ದಿನ ಪುಟ್ಟಿ ಅಣ್ಣನ ಸಾವಿನ ಮಾತು ತೆಗೆದಳು. ಅತ್ತೆ ಅವತ್ತು ಮೊದಲ ಸಲ ಆ ದಿನದ್ದೆಲ್ಲ ಹೇಳಿದಳಂತೆ: ಅವನು ಅಜೀರ್ಣ ಅಂತ ಹೇಳಿ ಮಲಗಿದ್ದು, ತಾನು ನಂಬಿದ್ದು, ಕೆಲಸಕ್ಕೆ ಹೋಗಿ ಇನ್ನೊಬ್ಬರ ಮಣಿಕಟ್ಟಿಗೆ ಪ್ಲಾಸ್ಟರ್ ಸುತ್ತುತ್ತಿರುವಾಗ ಸುದ್ದಿ ಬಂದದ್ದು. "ನಾನು ಆ ಪ್ಲಾಸ್ಟರ್ ಮುಗಿಸಿ ಓಡಿದೆ, ಪುಟ್ಟಿ. ಅರ್ಧ ಬಿಡೋ ಹಾಗಿರ್ಲಿಲ್ಲ." ಮಾರನೇ ದಿನವೇ ಪುಟ್ಟಿ ಹಾಲ್‌ನ ಸೋಫಾ ಬಿಡಿಸಿ, ತನ್ನ ಕೋಣೆಯಲ್ಲೇ ಅತ್ತೆಗೆ ಇನ್ನೊಂದು ಮಂಚ ಹಾಕಿಸಿದಳು. "ಸೋಫಾ ಹಾಳಾಗುತ್ತೆ" ಅನ್ನುವುದು ಅವಳು ಕೊಟ್ಟ ಕಾರಣ.

ವರ್ಷದ ಕೊನೆಗೆ ಅತ್ತೆ ಲೆಕ್ಕ ಒಪ್ಪಿಸಿ ತೆರಿಗೆ ಕಟ್ಟಿದಳು. ಕಟ್ಟಿ ಆದ ಮೇಲೆ ಒಂದು ತಪ್ಪು ಅವಳ ಕಣ್ಣಿಗೇ ಬಿತ್ತು. ಮನೆಯ ವಿಮೆಯ ಕಂತನ್ನು ಪೂರ್ತಿ ವರ್ಷದ್ದು ಅಂತ ಬಾಡಿಗೆಯಿಂದ ಕಳೆದುಬಿಟ್ಟಿದ್ದರು. ಆದರೆ ವರ್ಷದ ಮೊದಲ ತಿಂಗಳುಗಳಲ್ಲಿ ಅದು ಇನ್ನೂ ಅವಳ ಸ್ವಂತ ಮನೆಯಾಗಿತ್ತಲ್ಲ. ಸಲಹೆಗಾರ್ತಿಗೆ ತಿಳಿಸಿದಾಗ ಅವರು, "ಅಯ್ಯೋ, ನಂದೇ ತಪ್ಪು, ತಿದ್ದಿ ಕಳಿಸ್ತೀನಿ" ಅಂದರು. ಅತ್ತೆ ಆ ವಾರ ನಮ್ಮೂರಿಗೆ ಬಂದಿದ್ದಳು. ತಾನೇ ಹೋಗಿ ಹೇಳಿ ಬರುತ್ತೇನೆ ಅಂತ ಹೊರಟಳು. ತೆರಿಗೆ ಕಚೇರಿಯಲ್ಲಿ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ತಿರುಗಾಡಿಸಿ ಕೊನೆಗೆ ಒಬ್ಬ ಅಧಿಕಾರಿಯ ಮುಂದೆ ಕೂರಿಸಿದರು.

"ಇಷ್ಟು ಸಣ್ಣ ಮೊತ್ತಕ್ಕೆ ನೀವೇ ಬಂದ್ರಾ? ನಾವೇ ಇದನ್ನ ಹಿಡೀತಿರ್ಲಿಲ್ಲ" ಅಂದ ಆತ.

ಅತ್ತೆ ಅವನ ಮಾತು ಕೇಳುತ್ತಿರಲಿಲ್ಲ. ಅವನು ಪೆನ್ನು ಹಿಡಿದ ಕೈಯನ್ನು ನೋಡುತ್ತಿದ್ದಳು. "ಈ ಕಿರುಬೆರಳು ಯಾವಾಗ ಮುರಿದಿದ್ದು? ವಕ್ರ ಕೂಡಿದೆ. ಕಟ್ಟಿದ್ದು ನಾನಲ್ಲ ಬಿಡಿ."

ಅಧಿಕಾರಿ ಬೆರಳನ್ನೊಮ್ಮೆ ನೋಡಿಕೊಂಡು ನಗತೊಡಗಿದ. ಬೇರೆ ಊರಲ್ಲಿ ಚೆಂಡಾಟದಲ್ಲಿ ಮುರಿದದ್ದಂತೆ. ತಿದ್ದುಪಡಿ ಬರೆದುಕೊಂಡು, ಬಾಗಿಲವರೆಗೂ ಬಂದು ಅವಳನ್ನು ಕಳಿಸಿಕೊಟ್ಟ.

ಮಾರನೇ ವರ್ಷ ಪಾರ್ಲರಿನವಳಿಗೆ ಕಷ್ಟ ಬಂತು. ಮಗಳನ್ನು ತನಗೆ ಒಪ್ಪಿಸಬೇಕು ಅಂತ ಗಂಡ ಕೌಟುಂಬಿಕ ನ್ಯಾಯಾಲಯಕ್ಕೆ ಹೋದ. ಇವಳಿಗೆ ನೆಲೆಯಿಲ್ಲ, ಮನೆಯಿಂದ ಮನೆಗೆ ಅಲೆಯುತ್ತಾಳೆ, ಈಗ ಇರುವ ಮನೆಯೂ ಯಾರದೋ ದಯೆಯಿಂದ ತಾತ್ಕಾಲಿಕವಾಗಿ ಸಿಕ್ಕಿದ್ದು, ಕರಾರು ಕೇಸಿಗೋಸ್ಕರ ಬರೆಸಿಕೊಂಡಿದ್ದು, ಅನ್ನುವುದು ಅವನ ಕಡೆಯ ವಾದ. ಅವಳು ಅತ್ತೆಗೆ ಫೋನು ಮಾಡಿ ಅತ್ತಳು.

"ಯಾವತ್ತು ಬರ್ಬೇಕು?" ಅಂತ ಕೇಳಿದಳು ಅತ್ತೆ.

ಫೋನು ಇಡುವಷ್ಟರಲ್ಲಿ ಪುಟ್ಟಿ ವಾಕರ್ ಹಿಡಿದು ಎದುರಿಗೆ ನಿಂತಿದ್ದಳು. "ನಾನೂ ಬರ್ತೀನಿ."

"ರೈಲಿನಲ್ಲಿ ಅಷ್ಟು ದೂರ ಕೂರೋಕಾಗಲ್ಲ ನಿನಗೆ."

"ನಿಂತ್ಕೊಂಡು ಬರ್ತೀನಿ. ನೀವು ಅಲ್ಲಿ ಬಾಯಿ ಬಿಡಲ್ಲ ಅಂತ ನನಗೆ ಗೊತ್ತು. ಅವತ್ತು ನಾನು ಅಷ್ಟು ಜನದ ಮುಂದೆ ಅಂದಾಗಲೂ ನೀವು ಬಾಯಿ ಬಿಡ್ಲಿಲ್ಲ."

ಪುಟ್ಟಿ ಅದನ್ನು ತಪ್ಪೊಪ್ಪಿಗೆ ಅಂತ ಹೇಳಿದಳೋ ಆಕ್ಷೇಪಣೆ ಅಂತ ಹೇಳಿದಳೋ ಅತ್ತೆಗೆ ತಿಳಿಯಲಿಲ್ಲ. ಇಬ್ಬರೂ ಬಂದರು. ನಾನೇ ನಿಲ್ದಾಣಕ್ಕೆ ಹೋಗಿ ಕರೆದುಕೊಂಡು ಬಂದೆ. ಬಿದ್ದ ಮೇಲೆ ಪುಟ್ಟಿ ಊರು ಬಿಟ್ಟು ಹೊರಟದ್ದು ಅದೇ ಮೊದಲು.

ನ್ಯಾಯಾಲಯದ ಆ ಕೋಣೆ ಚಿಕ್ಕದು. ಫ್ಯಾನಿನ ಸದ್ದಿಗೆ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಎದುರು ಕಡೆಯ ವಕೀಲರು ಅತ್ತೆಯನ್ನು ಸೌಜನ್ಯದಿಂದಲೇ ಕೇಳಿದರು:

"ನೀವು ಇವರಿಗೆ ಸಂಬಂಧಿಯಾ?"

"ಅಲ್ಲ. ಅವರು ನನ್ನ ಬಾಡಿಗೆಯವರು."

"ಈ ಕರಾರು ಕೇಸು ಹಾಕಿದ ಮೇಲೆ ಹಿಂದಿನ ತಾರೀಕು ಹಾಕಿ ಮಾಡಿದ್ದು ಅಂತ ನಾನು ಹೇಳ್ತೀನಿ."

ಪುಟ್ಟಿ ಹಿಂದಿನ ಬೆಂಚಿನಲ್ಲಿ ಚಡಪಡಿಸುತ್ತಿದ್ದಳು. ಅತ್ತೆ ಹೇಳಿದಳು:

"ಅವರು ಬಂದು ಎರಡನೇ ವರ್ಷ ನಡೀತಿದೆ. ಮೊದಲ ವರ್ಷದ ಬಾಡಿಗೆಗೆ ನಾನು ತೆರಿಗೆ ಕಟ್ಟಿ ಆಗಿದೆ, ಈ ಕೇಸಿಗಿಂತ ಎಷ್ಟೋ ಮೊದಲೇ. ಇಲ್ಲದ ಬಾಡಿಗೆಗೆ ಯಾರಾದ್ರೂ ತೆರಿಗೆ ಕಟ್ತಾರಾ ಸ್ವಾಮಿ?"

ಯಾರೋ ನಕ್ಕರು. ನ್ಯಾಯಾಧೀಶೆ ತಲೆ ಎತ್ತಿ, "ಏನಂದ್ರು? ಕೇಳಿಸ್ಲಿಲ್ಲ" ಅಂದರು. ಅತ್ತೆ ಮತ್ತೆ ಹೇಳುವ ಮೊದಲೇ ಹಿಂದಿನಿಂದ ಪುಟ್ಟಿಯ ಗಂಟಲು ಇಡೀ ಕೋಣೆ ತುಂಬಿತು: "ಬಾಡಿಗೆಗೆ ತೆರಿಗೆ ಕಟ್ಟಿದಾರಂತೆ." ಪಹರೆಯವನು ಅವಳ ಹತ್ತಿರ ಓಡಿದ. ನ್ಯಾಯಾಧೀಶೆ ಕೈಯೆತ್ತಿ ತಡೆದು, ಸುಮ್ಮನಿರಬೇಕು ಅಂತ ಮಾತ್ರ ಹೇಳಿ, ತೆರಿಗೆಯ ಕಾಗದ ತರಿಸಿಕೊಂಡು ನೋಡಿದರು. ವಕೀಲರೂ ನೋಡಿದರು. ಮುಂದೆ ಆ ಬಗ್ಗೆ ಏನೂ ಕೇಳಲಿಲ್ಲ.

ಕೇಸು ಗೆದ್ದದ್ದು ಅದೊಂದರಿಂದಲೇ ಅಲ್ಲ. ಶಾಲೆಯ ಟೀಚರು ಬಂದು ಹೇಳಿದರು, ಮಗುವಿನ ಹತ್ತಿರ ನ್ಯಾಯಾಧೀಶೆ ತಾವೇ ಕೂತು ಮಾತಾಡಿದರು. ಕೆಲವು ತಿಂಗಳ ಮೇಲೆ ತೀರ್ಪು ಬಂತು. ಮಗಳು ತಾಯಿಯ ಹತ್ತಿರವೇ ಇರುವುದು, ತಂದೆ ವಾರಕ್ಕೊಮ್ಮೆ ಬಂದು ನೋಡುವುದು. ನೆಲೆಯಿಲ್ಲ ಅನ್ನುವ ಮಾತನ್ನು ತೀರ್ಪಿನಲ್ಲಿ ತಳ್ಳಿಹಾಕಿದ್ದರು. ತಂದೆಯೂ ಈಗ ತಪ್ಪದೆ ಬರುತ್ತಾನೆ, ಮಗಳನ್ನು ಕರೆದುಕೊಂಡು ಹೋಗಿ ಹೊತ್ತಿಗೆ ಸರಿಯಾಗಿ ತಂದು ಬಿಡುತ್ತಾನೆ.

ಚಿಕ್ಕಪ್ಪ ಅದಾದ ಮೇಲೆ ತನ್ನ ಅಂಗಡಿಯ ಮೇಲಿನ ಎರಡು ಕೋಣೆಗಳ ಬಾಡಿಗೆಯನ್ನು ಮೊದಲ ಬಾರಿಗೆ ಲೆಕ್ಕಕ್ಕೆ ತೋರಿಸಿದ. ಅಕ್ಕನಿಗೆ ಹೇಳಲು ನಾಚಿಕೆ, ನನ್ನ ಹತ್ತಿರ ಹೇಳಿದ. "ಕಟ್ಟಿದ್ದು ಜಾಸ್ತಿ ಏನಾಗ್ಲಿಲ್ಲ" ಅಂದ, ಯಾರೋ ತನಗೆ ಇಷ್ಟು ದಿನ ಮೋಸ ಮಾಡಿದ್ದರು ಅನ್ನುವ ಹಾಗೆ.

ಪುಟ್ಟಿ ವಾಕರ್ ಬಿಟ್ಟು ಕೋಲು ಹಿಡಿದಳು. ಆಮೇಲೆ ಮನೆಯೊಳಗೆ ಕೋಲನ್ನೂ ಮರೆತು ಓಡಾಡಿದಳು. ಆಯಾ ಬರುವುದು ನಿಂತಿತು. ಪಾರ್ಲರಿನವಳು ಅತ್ತೆಗೆ ಫೋನು ಮಾಡಿ, "ಅಮ್ಮ, ನೀವು ವಾಪಸು ಬರೋದಾದ್ರೆ ಹೇಳಿ, ನಾನು ಬೇರೆ ಮನೆ ನೋಡ್ಕೋತೀನಿ. ನಿಮ್ಮ ಮನೆ ಅಲ್ವಾ" ಅಂದಳು. ಅತ್ತೆ ಯೋಚಿಸಿ ಹೇಳುತ್ತೇನೆ ಅಂದಳು.

ಆ ಸಂಜೆ ಪುಟ್ಟಿ ಊಟಕ್ಕೆ ಕೂತವಳು ತಟ್ಟೆಯನ್ನೇ ನೋಡುತ್ತ, "ಹೋಗ್ತೀರಾ?" ಅಂದಳು. ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಅತ್ತೆ ಎಂದೂ ಕೇಳಿರಲಿಲ್ಲವಂತೆ.

"ನಿನಗೆ ಹೇಗೆ ಬೇಕು?"

"ನನಗೇನು. ಹೋದ್ರೆ ಹೋಗಿ. ಆ ಇನ್ನೊಂದು ಮಂಚ ಮಾರ್ಬೇಕಾಗುತ್ತೆ ಅಷ್ಟೇ. ಯಾರು ತಗೋತಾರೆ ಅದನ್ನ, ಕಿರ್ರ್ ಅನ್ನುತ್ತೆ."

ಅತ್ತೆ ಮಾರನೇ ದಿನ ಪಾರ್ಲರಿನವಳ ಕರಾರನ್ನು ಇನ್ನೂ ಐದು ವರ್ಷಕ್ಕೆ ಮುಂದುವರಿಸಿದಳು.

ಹೋದ ತಿಂಗಳು ನಾನು ನೋಡಲು ಹೋಗಿದ್ದೆ. ಅತ್ತೆ ಎದುರಿನ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ದಿನ ಹೊಸಬರಿಗೆ ಪ್ಲಾಸ್ಟರ್ ಹಾಕುವುದನ್ನು ಕಲಿಸುತ್ತಾಳೆ. ಅವರ ಅಭ್ಯಾಸಕ್ಕೆ ಬೇಕಾಗಿದ್ದು ಒಂದು ತೆಳ್ಳನೆಯ ಕೈ, ಅಲುಗಾಡದೆ ಕೂರುವಂಥದ್ದು. ಪುಟ್ಟಿ ತನ್ನ ಕೈಯನ್ನೇ ಕೊಟ್ಟಿದ್ದಾಳೆ. ನಾನು ಹೋದಾಗ ಬಾಗಿಲು ತೆರೆದವಳು ಅವಳೇ. ಎಡಗೈ ಮೊಣಕೈವರೆಗೆ ಬಿಳಿ ಪ್ಲಾಸ್ಟರು. ನಾನು ಗಾಬರಿಯಾದೆ.

"ಏನೂ ಆಗಿಲ್ಲ. ಹುಡುಗರು ಇವತ್ತು ಕಲೀತಿದ್ರು" ಅಂದಳು. "ಒಳಗೆ ಬಾ. ಅತ್ತಿಗೆ ಕತ್ತರಿ ಹುಡುಕ್ತಿದಾರೆ."